‘ಸರ್ವರ್ ಇಲ್ರೀ’ ಅಂದಾಗ ನಿಜವಾಗಿ ಕೈಕೊಟ್ಟಿದ್ದು ಯಾವುದು? ರೂಟರ್, ಐಪಿ ವಿಳಾಸ ಮತ್ತು ಅರ್ಧಸತ್ಯದ ಫಾರ್ವರ್ಡ್‌ಗಳು

ಕಾಗಿನೆಲೆಯಿಂದ ಬಸ್ ಹಿಡಿದು ಬ್ಯಾಡಗಿಗೆ ಬಂದು, ಪಹಣಿ ತೆಗೆಸಲು ಸಾಲಿನಲ್ಲಿ ನಿಂತವರಿಗೆ ಕಿಟಕಿಯ ಆಚೆಯಿಂದ ಎಷ್ಟೋ ಸಲ ಕೇಳಿಬರುವ ಮಾತು ಇದು: “ಸರ್ವರ್ ಇಲ್ರೀ, ನಾಳೆ ಬರ್ರಿ.” ಹಾವೇರಿಯ ಬ್ಯಾಂಕಿನಲ್ಲಿ, ರಾಣೇಬೆನ್ನೂರಿನ ಝೆರಾಕ್ಸ್ ಅಂಗಡಿಯಲ್ಲಿ, ಪಡಿತರ ಅಂಗಡಿಯಲ್ಲಿ ಕೂಡ ಇದೇ ಮಾತು. ಮನೆಯಲ್ಲಿ ವೈ-ಫೈ ನಿಂತರೆ ಮಕ್ಕಳೂ ಈಗ ‘ಸರ್ವರ್ ಡೌನ್’ ಅನ್ನುತ್ತಾರೆ. ನಿಜವಾಗಿ ಸರ್ವರ್ ಹೋಗಿರಬಹುದು. ಆದರೆ ಮೂಲೆಯಲ್ಲಿರುವ ರೂಟರ್‌ನ ಅಡಾಪ್ಟರ್ ಸಡಿಲವಾಗಿದ್ದರೂ ಇದೇ ಮಾತು ಬರುತ್ತದೆ, ಬೀದಿಯಲ್ಲಿ ಕೇಬಲ್ ತುಂಡಾಗಿದ್ದರೂ ಇದೇ ಮಾತು.

ಎಲ್ಲ ಕಾಯಿಲೆಗೂ ಒಂದೇ ಹೆಸರಿಟ್ಟ ಮೇಲೆ ವಾಟ್ಸಾಪ್ ಎಲ್ಲದಕ್ಕೂ ಒಂದೇ ಔಷಧಿ ಹಂಚುತ್ತದೆ. ಓದುಗರು ನಮಗೆ ಕಳಿಸಿ “ಇದು ನಿಜವಾ?” ಎಂದು ಕೇಳುವ ಫಾರ್ವರ್ಡ್‌ಗಳ ಧಾಟಿ ಹೀಗಿರುತ್ತದೆ: ‘ನೆಟ್ ಬರದಿದ್ದರೆ ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ 10 ಸೆಕೆಂಡ್ ಒತ್ತಿ. ಮೊಬೈಲ್‌ನಲ್ಲಿ ಐಪಿ ಸ್ಟ್ಯಾಟಿಕ್ ಮಾಡಿ. ಡಿಎನ್‌ಎಸ್ 8.8.8.8 ಹಾಕಿ. ಸ್ಪೀಡ್ ಡಬಲ್! ಎಲ್ಲರಿಗೂ ಶೇರ್ ಮಾಡಿ.’

ಇದರಲ್ಲಿ ಮೂರು ಸಲಹೆಗಳಿವೆ. ಮೊದಲನೆಯದು ಇದ್ದ ತೊಂದರೆಯನ್ನು ಹೆಚ್ಚಿಸುತ್ತದೆ. ಎರಡನೆಯದು ಇವತ್ತು ಕೆಲಸ ಮಾಡಿ ಮುಂದಿನ ವಾರ ಕೈಕೊಡುತ್ತದೆ. ಮೂರನೆಯದು ಅಪರೂಪಕ್ಕೆ ನೆರವಾಗುತ್ತದೆ, ಆದರೆ ಸ್ಪೀಡ್‌ಗೂ ಅದಕ್ಕೂ ಸಂಬಂಧ ಬಹಳ ಕಡಿಮೆ.

ಪಿನ್ ಒತ್ತುವುದರ ಫಲ ನಮಗೆ ಅನುಭವದಿಂದಲೇ ಗೊತ್ತು. ರಾಣೇಬೆನ್ನೂರಿನ ಪರಿಚಯದವರ ಮನೆಯಲ್ಲಿ ಒಂದು ಸಂಜೆ ಕರೆಂಟ್ ಹೋಗಿ ಬಂತು. ವೈ-ಫೈ ಬಂತು, ನೆಟ್ ಬರಲಿಲ್ಲ. “ಕನೆಕ್ಟ್ ಅಂತ ತೋರಸಾಕತ್ತೈತಿ, ನೆಟ್ ಮಾತ್ರ ಬರವಲ್ದು” ಅಂತ ಮನೆಯವರು ಹೇಳಿದ ಕೂಡಲೇ ನಮ್ಮಲ್ಲೇ ಒಬ್ಬರು ಜಾಣತನ ತೋರಿಸಿ ಪಿನ್ ಒತ್ತಿದರು. ಅರ್ಧ ಗಂಟೆ ಕಾದಿದ್ದರೆ ಸರಿಹೋಗುತ್ತಿದ್ದ ತೊಂದರೆಗೆ, ಕೇಬಲ್‌ನವರು ಬಂದು ಎಲ್ಲ ಸೆಟ್ಟಿಂಗ್ ಮತ್ತೆ ತುಂಬುವವರೆಗೆ ಮೂರು ದಿನ ಕಾಯಬೇಕಾಯಿತು.

ವೈ-ಫೈ ಬೇರೆ, ಇಂಟರ್ನೆಟ್ ಬೇರೆ

ಫೋನಿನ ಮೇಲ್ತುದಿಯಲ್ಲಿ ಕಾಣುವ ವೈ-ಫೈ ಗೆರೆಗಳು ಹೇಳುವುದು ಒಂದೇ ಸಂಗತಿ: ನಿಮ್ಮ ಫೋನಿಗೂ ರೂಟರ್‌ಗೂ ನಡುವೆ ರೇಡಿಯೋ ಸಂಪರ್ಕ ಚೆನ್ನಾಗಿದೆ. ಅಷ್ಟೇ. ರೂಟರ್‌ನಿಂದ ಮುಂದೆ ಕಂಪನಿಯವರೆಗೆ ಒಂದು ದಾರಿ ಇದೆ, ಕಂಪನಿಯಿಂದ ಹೊರಜಗತ್ತಿಗೆ ಇನ್ನೊಂದು, ಆ ದಾರಿಯ ಕೊನೆಯಲ್ಲಿ ನಿಮಗೆ ಬೇಕಾದ ವೆಬ್‌ಸೈಟಿನ ಸರ್ವರ್. ಗೆರೆಗಳು ಪೂರ್ತಿ ಇದ್ದೂ ಮುಂದಿನ ಯಾವ ದಾರಿ ಬೇಕಾದರೂ ಕಡಿದಿರಬಹುದು.

ಕರೆಂಟ್ ಹೋದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಮನೆಯ ರೂಟರ್‌ಗೆ ನೀವು ಯುಪಿಎಸ್ ಹಾಕಿರುತ್ತೀರಿ, ವೈ-ಫೈ ಉರಿಯುತ್ತಲೇ ಇರುತ್ತದೆ. ಆದರೆ ಕೇಬಲ್ ಆಪರೇಟರ್‌ನ ಕಚೇರಿಯ ಯಂತ್ರಕ್ಕೂ ವಿದ್ಯುತ್ ಬೇಕಲ್ಲ? ಫೈಬರ್ ಜಾಲದಲ್ಲಿ ಬೀದಿಯ ಕಂಬದ ಮೇಲಿನ ಡಬ್ಬಿಗೆ ಸಾಮಾನ್ಯವಾಗಿ ಕರೆಂಟ್ ಬೇಡ, ಅದು ಬೆಳಕನ್ನು ಕವಲೊಡೆಸುವ ಗಾಜಿನ ಭಾಗ ಮಾತ್ರ. ಹಳೆಯ ರೀತಿಯ ತಾಮ್ರದ ತಂತಿಯ ಜಾಲದಲ್ಲಿ ಮಾತ್ರ ಕಂಬದ ಮೇಲೂ ಕರೆಂಟ್ ಬೇಡುವ ಸ್ವಿಚ್‌ಗಳಿರುತ್ತವೆ. ಹೆಸ್ಕಾಂ ಲೈನ್ ನಿಮ್ಮ ಓಣಿಗೆ ಬಂದು ಆ ಓಣಿಗೆ ಬಾರದಿದ್ದರೆ, ನಿಮ್ಮಲ್ಲಿ ಲೈಟ್ ಇರುತ್ತದೆ, ವೈ-ಫೈ ಇರುತ್ತದೆ, ನೆಟ್ ಮಾತ್ರ ಇರುವುದಿಲ್ಲ.

ಐಪಿ ವಿಳಾಸ: ಲಾಡ್ಜಿನ ರೂಮ್ ನಂಬರ್ ಇದ್ದಂತೆ

ದೇವರಗುಡ್ಡದ ಕಾರಣಿಕಕ್ಕೆ ಬಂದವರಿಂದ ರಾಣೇಬೆನ್ನೂರಿನ ಒಂದು ಲಾಡ್ಜ್ ಭರ್ತಿಯಾಗಿದೆ ಅಂದುಕೊಳ್ಳಿ. ಬಂದವರಿಗೆಲ್ಲ ಮ್ಯಾನೇಜರ್ ಒಂದೊಂದು ರೂಮ್ ನಂಬರ್ ಕೊಟ್ಟು ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತಾನೆ. ರೂಮ್ ಯಾರ ಸ್ವಂತದ್ದೂ ಅಲ್ಲ. ಒಂದು ದಿನಕ್ಕೆ, ಅವಧಿ ಮುಗಿದರೆ ಮತ್ತೆ ಕೇಳಬೇಕು. 105ನೇ ರೂಮ್ ಪಕ್ಕದ ಲಾಡ್ಜಿನಲ್ಲೂ ಇರುತ್ತದೆ, ಹಾವೇರಿಯ ಲಾಡ್ಜಿನಲ್ಲೂ ಇರುತ್ತದೆ. ಅದರಿಂದ ಗೊಂದಲವಾಗುವುದಿಲ್ಲ, ಏಕೆಂದರೆ ಆ ನಂಬರ್ ಆ ಕಟ್ಟಡದ ಒಳಗೆ ಮಾತ್ರ ನಡೆಯುತ್ತದೆ.

ನಿಮ್ಮ ಮನೆಯ ರೂಟರ್ ಇಂಥ ಮ್ಯಾನೇಜರ್. ಫೋನ್ ವೈ-ಫೈಗೆ ಸೇರಿದ ತಕ್ಷಣ ‘ನನಗೊಂದು ನಂಬರ್ ಕೊಡು’ ಎಂದು ಕೇಳುತ್ತದೆ. ರೂಟರ್ 192.168.1.5 ಎಂಬಂಥ ಒಂದು ನಂಬರ್ ಕೊಡುತ್ತದೆ, ಅದರ ಜೊತೆಗೆ ‘ಹೊರಗೆ ಹೋಗುವ ಬಾಗಿಲು ನಾನೇ’ ಎಂದು ತನ್ನ ನಂಬರನ್ನೂ ಹೇಳುತ್ತದೆ. ಈ ಬಾಗಿಲಿಗೆ ಗೇಟ್‌ವೇ ಎನ್ನುತ್ತಾರೆ. ಹೀಗೆ ನಂಬರ್ ಹಂಚುವ ಪದ್ಧತಿಯ ಹೆಸರು ಡಿಎಚ್‌ಸಿಪಿ. 192.168 ಮತ್ತು 10 ರಿಂದ ಶುರುವಾಗುವ ನಂಬರ್‌ಗಳನ್ನು ಹಾಗೂ 172.16 ರಿಂದ 172.31 ರವರೆಗಿನ ಸಾಲನ್ನು ಮನೆ-ಕಚೇರಿಗಳ ಒಳಬಳಕೆಗೆಂದೇ ಬಿಟ್ಟಿದ್ದಾರೆ. ಈಗಲೂ ನಡೆಯುತ್ತಿರುವ ಈ ನಿಯಮ ಪ್ರಕಟವಾದದ್ದು 1996ರಲ್ಲಿ.

ಯಾಕೆ ಹೀಗೆ? ಹಳೆಯ ಮಾದರಿಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಇರುವುದೇ ಸುಮಾರು 429 ಕೋಟಿ. ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳನ್ನು ಖಂಡವಾರು ಸಂಸ್ಥೆಗಳಿಗೆ ಹಂಚಿ ಮುಗಿಸಿದ್ದು 2011ರ ಫೆಬ್ರವರಿಯಲ್ಲಿ. 140 ಕೋಟಿಗೂ ಹೆಚ್ಚು ಜನರಿರುವ ದೇಶದಲ್ಲಿ ಪ್ರತಿ ಫೋನಿಗೂ, ಟಿವಿಗೂ, ಸಿಸಿಟಿವಿಗೂ ಒಂದೊಂದು ಕೊಡುವಷ್ಟು ಇಲ್ಲ. ಹೀಗಾಗಿ ಹಲವು ಕಂಪನಿಗಳು ಒಂದೇ ಹೊರವಿಳಾಸವನ್ನು ನೂರಾರು ಮನೆಗಳಿಗೆ ಒಟ್ಟಿಗೆ ಬಳಸುತ್ತವೆ. (‘ನಿಮ್ಮ ಐಪಿ ಯಾರಿಗಾದರೂ ಗೊತ್ತಾದರೆ ಬ್ಯಾಂಕ್ ಖಾತೆ ಖಾಲಿ’ ಎಂಬ ಫಾರ್ವರ್ಡ್ ಕೂಡ ಬರುತ್ತಿರುತ್ತದೆ. 192.168.1.5 ಎಂಬ ನಂಬರ್ ಗೊತ್ತಾದರೆ ಯಾರಿಗೂ ಏನೂ ಸಿಗುವುದಿಲ್ಲ, ಅದು ಲಕ್ಷಾಂತರ ಮನೆಗಳಲ್ಲಿದೆ. ಖಾತೆ ಖಾಲಿಯಾಗುವುದು ಓಟಿಪಿ ಕೊಟ್ಟಾಗ.)

ಮ್ಯಾನೇಜರ್ ಎಚ್ಚರ ತಪ್ಪಿದಾಗ

ಕರೆಂಟ್ ಹೋಗಿ ಬಂದಾಗ ರೂಟರ್ ಹೊಸದಾಗಿ ಎದ್ದು ಕೂರುತ್ತದೆ. ಅನೇಕ ಅಗ್ಗದ ರೂಟರ್‌ಗಳಲ್ಲಿ ಹಳೆಯ ರಿಜಿಸ್ಟರ್ ಅಳಿಸಿಹೋಗಿರುತ್ತದೆ. 105ರ ಕೀಲಿ ಇನ್ನೂ ಒಬ್ಬರ ಕಿಸೆಯಲ್ಲಿದೆ, ಮ್ಯಾನೇಜರ್‌ಗೆ ಅದು ಖಾಲಿ ರೂಮ್. ಫೋನ್‌ಗಳು ಸಾಮಾನ್ಯವಾಗಿ ಮತ್ತೆ ಕೇಳಿ ಹೊಂದಿಕೊಳ್ಳುತ್ತವೆ. ತೊಂದರೆ ಕೊಡುವುದು ಕೈಯಾರೆ ನಂಬರ್ ಹಾಕಿಟ್ಟ ಯಂತ್ರಗಳು: ಝೆರಾಕ್ಸ್ ಅಂಗಡಿಯ ಪ್ರಿಂಟರ್, ಸಿಸಿಟಿವಿ ಡಬ್ಬಿ. ಅವು ಯಾರನ್ನೂ ಕೇಳದೆ ‘ಇದು ನನ್ನ ರೂಮ್’ ಎಂದು ಕೂತಿರುತ್ತವೆ. ರೂಟರ್ ಅದೇ ನಂಬರನ್ನು ಗಿರಾಕಿಯ ಫೋನಿಗೋ ಅಂಗಡಿಯ ಲ್ಯಾಪ್‌ಟಾಪ್‌ಗೋ ಕೊಟ್ಟರೆ ಇಬ್ಬರಿಗೂ ನೆಟ್ ಬಂದು ಬಂದು ಹೋಗುತ್ತದೆ. ಅಂಗಡಿಯವರು ‘ಸರ್ವರ್ ಸ್ಲೋ ಐತ್ರಿ’ ಅನ್ನುತ್ತಾರೆ.

ಇದಕ್ಕಿಂತ ಹೆಚ್ಚು ತಲೆಕೆಡಿಸುವುದು ಎರಡು ರೂಟರ್ ಇರುವ ಕಡೆ. ಮುಂದೆ ಅಂಗಡಿ, ಹಿಂದೆ ಮನೆ ಇರುವ ಕಟ್ಟಡಗಳಲ್ಲಿ ಸಿಗ್ನಲ್ ಸಾಲದೆ ಹಳೆಯ ರೂಟರ್ ಒಂದನ್ನು ಹಿಂದಿನ ಕೋಣೆಗೆ ಸಿಕ್ಕಿಸಿರುತ್ತಾರೆ. ಅದರೊಳಗೂ ಒಬ್ಬ ಮ್ಯಾನೇಜರ್ ಇದ್ದಾನೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ಮುಖ್ಯ ರೂಟರ್ ಆಫ್ ಆದ ಹೊತ್ತಿನಲ್ಲಿ ಫೋನ್‌ಗಳು ಈ ಎರಡನೆಯವನ ಬಳಿ ನಂಬರ್ ತೆಗೆದುಕೊಳ್ಳುತ್ತವೆ. ಅವನು ತೋರಿಸುವ ಬಾಗಿಲು ಗೋಡೆಗೆ ಹೋಗಿ ಮುಟ್ಟುತ್ತದೆ. ಮುಖ್ಯ ರೂಟರ್ ಮತ್ತೆ ಬಂದರೂ ಫೋನ್ ಆ ಹಳೆಯ ಬಾಗಿಲನ್ನೇ ಬಡಿಯುತ್ತಿರುತ್ತದೆ. ಒಂದು ಫೋನಿಗೆ ನೆಟ್ ಇದೆ, ಪಕ್ಕದ ಫೋನಿಗೆ ಇಲ್ಲ ಎಂಬ ವಿಚಿತ್ರ ಸನ್ನಿವೇಶ ಕಂಡರೆ ಮೊದಲು ಇದನ್ನು ಅನುಮಾನಿಸಿ. ಎರಡನೇ ರೂಟರ್‌ನ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ ಆಫ್ ಮಾಡಿದರೆ ಕಥೆ ಮುಗಿಯಿತು. ಅಲ್ಲಿಯವರೆಗೆ ಫೋನಿನ ವೈ-ಫೈ ಆಫ್ ಮಾಡಿ ಆನ್ ಮಾಡಿದರೆ ಹೊಸದಾಗಿ ನಂಬರ್ ಕೇಳುತ್ತದೆ. ‘ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ’ ಎಂಬ ಫಾರ್ವರ್ಡ್ ಕೆಲಸ ಮಾಡುವುದೂ ಇದೇ ಕಾರಣಕ್ಕೆ. ಹೌದು, ಆ ಒಂದು ಫಾರ್ವರ್ಡ್ ನಿಜ.

ನಿಮ್ಮ ಫೋನ್ ಯಾವ ನಂಬರ್ ತೋರಿಸುತ್ತಿದೆ?

ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ಹೆಸರಿನ ಪಕ್ಕದ ಚಕ್ರದ ಗುರುತನ್ನೋ ‘ಐ’ ಅಕ್ಷರವನ್ನೋ ಮುಟ್ಟಿದರೆ ಐಪಿ ವಿಳಾಸ ಕಾಣುತ್ತದೆ. ಒಂದು ನಿಮಿಷದ ಕೆಲಸ.

192.168 ಅಥವಾ 10 ರಿಂದ ಶುರುವಾಗುವ ನಂಬರ್ ಇದ್ದು ಗೇಟ್‌ವೇ ನಂಬರ್ ಕೂಡ ಸರಿಯಿದ್ದರೆ, ಫೋನ್ ಮತ್ತು ರೂಟರ್ ನಡುವೆ ಸಾಮಾನ್ಯವಾಗಿ ತೊಂದರೆ ಇಲ್ಲ. ನೆಟ್ ಬರದಿದ್ದರೆ ಕಡಿದಿರುವುದು ಮುಂದಿನ ದಾರಿ. ಫೋನಿನ ಸೆಟ್ಟಿಂಗ್ ಕೆದಕುವುದು ವ್ಯರ್ಥ.

169.254 ರಿಂದ ಶುರುವಾಗುವ ನಂಬರ್ ಕಂಡರೆ ಕಥೆ ಬೇರೆ. ನಂಬರ್ ಕೇಳಿ ಕೇಳಿ ಯಾರೂ ಉತ್ತರಿಸದಿದ್ದಾಗ ವಿಂಡೋಸ್ ಕಂಪ್ಯೂಟರ್ ಮತ್ತು ಐಫೋನ್ ತಾವೇ ಒಂದು ತಾತ್ಕಾಲಿಕ ನಂಬರ್ ಹಾಕಿಕೊಳ್ಳುತ್ತವೆ, ಅದು ಈ ಸಾಲಿನದು. ಮ್ಯಾನೇಜರ್ ಸಿಗದೆ ಲಾಡ್ಜಿನ ಪಡಸಾಲೆಯಲ್ಲೇ ಚಾಪೆ ಹಾಸಿಕೊಂಡಂತೆ. ಅದರಿಂದ ಇಂಟರ್ನೆಟ್‌ಗೆ ಹೋಗಲಾಗದು. ಆಂಡ್ರಾಯ್ಡ್ ಫೋನ್ ಸಾಮಾನ್ಯವಾಗಿ ಹೀಗೆ ಮಾಡದೆ, ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂದು ಸುತ್ತಿ ಸುತ್ತಿ ಕೊನೆಗೆ ಕೈಚೆಲ್ಲುತ್ತದೆ. ಎರಡಕ್ಕೂ ಅರ್ಥ ಒಂದೇ: ರೂಟರ್ ನಂಬರ್ ಕೊಡುತ್ತಿಲ್ಲ. ಈ ಒಂದು ಸಂದರ್ಭದಲ್ಲಿ ರೂಟರ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ಎರಡು ಮೂರು ನಿಮಿಷ ಕಾಯುವುದು ಸರಿಯಾದ ಮೊದಲ ಹೆಜ್ಜೆ.

ರೂಟರ್ ನಂಬರ್ ಕೊಡದಿರಲು ಇನ್ನೊಂದು ಕಾರಣ ರೂಮ್‌ಗಳು ಮುಗಿದಿರುವುದು. ಮನೆಯ ರೂಟರ್ ಹೆಚ್ಚೆಂದರೆ ಇನ್ನೂರೈವತ್ತರಷ್ಟು ನಂಬರ್ ಹಂಚಬಲ್ಲದು, ಎಷ್ಟೋ ಕಡೆ ಸೆಟ್ಟಿಂಗ್‌ನಲ್ಲಿ ಅದಕ್ಕಿಂತ ಬಹಳ ಕಡಿಮೆ ಇಟ್ಟಿರುತ್ತಾರೆ. ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಸೀಸನ್ನಿನ ದಿನ ಬಂದವರೆಲ್ಲ ಪಾಸ್‌ವರ್ಡ್ ಕೇಳಿ ಸೇರಿಕೊಂಡರೆ, ಬಂದು ಹೋದವರ ಹೆಸರಿನಲ್ಲೂ ರೂಮ್ ಹಿಡಿದಿಟ್ಟಿರುತ್ತದೆ. ಕಡೆಗೆ ಅಂಗಡಿ ಯಜಮಾನರ ಫೋನಿಗೇ ಜಾಗವಿಲ್ಲ.

ಎಲ್‌ಓಎಸ್ ಎಂಬ ಕೆಂಪು ದೀಪ

ಫೈಬರ್ ಸಂಪರ್ಕದ ಡಬ್ಬಿಯಲ್ಲಿ ಎಲ್‌ಓಎಸ್ ಎಂದು ಬರೆದ ದೀಪವೊಂದಿರುತ್ತದೆ. ಅದು ಕೆಂಪಾಗಿ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಎಲ್ಲೋ ತಂತಿ ತುಂಡಾಗಿದೆ, ಇಲಿ ಕಡಿದಿದೆ, ರಸ್ತೆ ಅಗೆತದಲ್ಲಿ ಹೋಗಿದೆ, ಅಥವಾ ಗೋಡೆಯ ಬಳಿ ಅತಿಯಾಗಿ ಮಡಚಿದೆ. ಐಪಿ, ಡಿಎನ್‌ಎಸ್, ಪಿನ್ ಯಾವುದೂ ಇದನ್ನು ಸರಿಮಾಡುವುದಿಲ್ಲ. ತಂತಿ ಮಡಚಿದ್ದರೆ ನಿಧಾನಕ್ಕೆ ಬಿಡಿಸಿ, ಅಷ್ಟೇ. ತಂತಿ ಕಿತ್ತು ಅದರ ತುದಿಯನ್ನು ಕಣ್ಣ ಹತ್ತಿರ ಹಿಡಿದು ‘ಲೈಟ್ ಬರ್ತಾ ಇದೆಯಾ’ ಎಂದು ನೋಡಬೇಡಿ. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಅವಕೆಂಪು ಲೇಸರ್. ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಲ್ಲದು.

ಫಾರ್ವರ್ಡ್‌ನ ಮೂರು ಸಲಹೆಗಳ ಮಾತು

ಆನ್-ಆಫ್ ಮಾಡುವುದು ಬೇರೆ, ಪಿನ್ ಒತ್ತಿ ರೀಸೆಟ್ ಮಾಡುವುದು ಬೇರೆ. ರೀಸೆಟ್ ರೂಟರನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಒಯ್ಯುತ್ತದೆ. ನಿಮ್ಮ ವೈ-ಫೈ ಹೆಸರು, ಪಾಸ್‌ವರ್ಡ್ ಅಳಿಸುತ್ತವೆ. ಜೊತೆಗೆ ಕಂಪನಿಯವರು ಹಾಕಿದ್ದ ಲಾಗಿನ್ ಹೆಸರು, ಗುಪ್ತಪದವೂ ಅಳಿಸುತ್ತವೆ. ಕೆಲವು ದೊಡ್ಡ ಕಂಪನಿಗಳ ಡಬ್ಬಿ ಅವನ್ನು ದೂರದಿಂದಲೇ ಮತ್ತೆ ತುಂಬಿಸಿಕೊಳ್ಳುತ್ತದೆ. ಊರಿನ ಸಣ್ಣ ಆಪರೇಟರ್‌ಗಳ ಸಂಪರ್ಕದಲ್ಲಿ ಹೆಚ್ಚಾಗಿ ಯಾರಾದರೂ ಬಂದು ತುಂಬಬೇಕು. ಅವರಾಗಿಯೇ ಹೇಳುವವರೆಗೆ ಪಿನ್ ಮುಟ್ಟಬೇಡಿ.

ಐಪಿ ಸ್ಟ್ಯಾಟಿಕ್ ಮಾಡುವುದೆಂದರೆ ಮ್ಯಾನೇಜರ್‌ನನ್ನು ಕೇಳದೆ ನೀವೇ ರೂಮ್ ನಂಬರ್ ಬರೆದುಕೊಳ್ಳುವುದು. ಸುತ್ತುತ್ತಿದ್ದ ಫೋನ್ ತಟ್ಟನೆ ಕನೆಕ್ಟ್ ಆಗುವುದರಿಂದ ವಿಡಿಯೋ ಮಾಡಿದವರಿಗೆ ಲೈಕ್ ಸಿಗುತ್ತದೆ. ಆದರೆ ಕಂಪನಿ ಬದಲಿಸಿದ ದಿನ ನೋಡಿ: ಹಳೆಯ ರೂಟರ್‌ನ ಬಾಗಿಲು 192.168.1.1 ಆಗಿದ್ದರೆ, ಜಿಯೋ ಫೈಬರ್ ಡಬ್ಬಿಯದು 192.168.29.1. ಫೋನ್ ಮಾತ್ರ ಹಳೆಯ ಬಾಗಿಲನ್ನೇ ಹುಡುಕುತ್ತಿರುತ್ತದೆ. ‘ಹೊಸ ಕನೆಕ್ಷನ್ ಸರಿ ಇಲ್ಲ’ ಎಂದು ಮನೆಯವರು ಜಗಳಕ್ಕೆ ನಿಲ್ಲುತ್ತಾರೆ. ಹಿಂದೆ ಯಾವಾಗಲಾದರೂ ಹೀಗೆ ಮಾಡಿದ್ದರೆ ಐಪಿ ಸೆಟ್ಟಿಂಗ್ ಅನ್ನು ಮತ್ತೆ ಡಿಎಚ್‌ಸಿಪಿಗೆ ತನ್ನಿ.

ಇನ್ನು ಡಿಎನ್‌ಎಸ್. ನೀವು ಬರೆಯುವ ವೆಬ್‌ಸೈಟ್ ಹೆಸರನ್ನು ಐಪಿ ನಂಬರ್ ಆಗಿ ಬದಲಿಸಿ ಕೊಡುವ ವಿಳಾಸಪುಸ್ತಕ ಅದು. ಕಂಪನಿಯ ವಿಳಾಸಪುಸ್ತಕ ಕೈಕೊಟ್ಟಾಗ ಕೆಲವೊಮ್ಮೆ ವಾಟ್ಸಾಪ್ ನಡೆಯುತ್ತಿರುತ್ತದೆ, ಬ್ರೌಸರ್‌ನಲ್ಲಿ ಯಾವ ಪುಟವೂ ತೆರೆಯುವುದಿಲ್ಲ. ಆಗ ಗೂಗಲ್ 2009ರಿಂದ ಸಾರ್ವಜನಿಕರಿಗೆ ಕೊಟ್ಟಿರುವ 8.8.8.8 ಹಾಕಿಕೊಂಡರೆ ಪುಟಗಳು ತೆರೆಯಬಹುದು. ಆದರೆ ವಿಳಾಸ ಬೇಗ ಸಿಕ್ಕ ಮಾತ್ರಕ್ಕೆ ರಸ್ತೆ ಅಗಲವಾಗುವುದಿಲ್ಲ. ಸ್ಪೀಡ್ ಡಬಲ್ ಎಂಬುದು ಸುಳ್ಳು. ನಿಜವಾದ ಅಪಾಯ ಬೇರೆ ಇದೆ: ಫಾರ್ವರ್ಡ್‌ನಲ್ಲಿ 8.8.8.8 ಬದಲು ಅಪರಿಚಿತ ನಂಬರ್ ಇದ್ದರೆ, ನಿಮ್ಮ ವಿಳಾಸಪುಸ್ತಕ ಕಳ್ಳರ ಕೈಯಲ್ಲಿ. ಬ್ಯಾಂಕಿನ ಹೆಸರು ಬರೆದರೆ ಅವರು ತೋರಿಸಿದ ನಕಲಿ ಪುಟಕ್ಕೆ ಹೋಗಬಹುದು. ಇದು ಕಲ್ಪನೆಯಲ್ಲ. ಡಿಎನ್‌ಎಸ್ ಚೇಂಜರ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಸುಮಾರು 40 ಲಕ್ಷ ಕಂಪ್ಯೂಟರ್‌ಗಳಲ್ಲಿ ಹೀಗೇ ನಂಬರ್ ಬದಲಿಸಿತ್ತು, ಅಮೆರಿಕದ ಎಫ್‌ಬಿಐ ಆ ಜಾಲವನ್ನು ಹಿಡಿದಿದ್ದು 2011ರ ನವೆಂಬರ್‌ನಲ್ಲಿ.

ಸರ್ವರ್ ನಿಜಕ್ಕೂ ಹೋದಾಗ

ಹಾಗೆಂದು ‘ಸರ್ವರ್ ಇಲ್ಲ’ ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆ ಎಂದಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತು ಗಂಟೆ ದಾಟಿದ ಮೇಲೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ನಿಂತಿದ್ದು ನೆನಪಿದೆಯೇ? ಆ ರಾತ್ರಿ ರೂಟರ್ ಆನ್-ಆಫ್ ಮಾಡಿದವರಲ್ಲಿ ನಾವೂ ಇದ್ದೆವು. ಅವತ್ತು ತಪ್ಪು ನಡೆದಿದ್ದು ಆ ಕಂಪನಿಯ ಒಳಗೆ. ನಿರ್ವಹಣೆಯ ಕೆಲಸದಲ್ಲಿ ಕೊಟ್ಟ ಒಂದು ಆಜ್ಞೆಯಿಂದ ಅವರ ಒಳಜಾಲ ಕಡಿದು, ಅವರ ವಿಳಾಸಪುಸ್ತಕಕ್ಕೆ ಹೋಗುವ ದಾರಿಯೇ ಜಗತ್ತಿನ ನಕ್ಷೆಯಿಂದ ಮಾಯವಾಗಿತ್ತು. ಯೂಟ್ಯೂಬ್ ಮಾತ್ರ ನಡೆಯುತ್ತಲೇ ಇತ್ತು.

ನಮ್ಮಲ್ಲೇ ನಡೆದದ್ದು 2025ರ ಜನವರಿಯಲ್ಲಿ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ನಕಲಿ ಬೇಡಿಕೆಗಳ ಮಳೆ ಸುರಿಸಿ ದಾಳಿ ನಡೆಯಿತು, ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ಕುಂಟಿತು. ಆ ದಿನಗಳಲ್ಲಿ ಯಾವ ಊರಿನ ರೂಟರ್ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿರಲಿಲ್ಲ.

ಗುರುತಿಸುವುದು ಸುಲಭ. ಬೇರೆ ವೆಬ್‌ಸೈಟ್ ತೆರೆದು, ನಿಮಗೆ ಬೇಕಾದದ್ದು ಮಾತ್ರ ತೆರೆಯದಿದ್ದರೆ, ವೈ-ಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿ. ಅಲ್ಲೂ ಇಲ್ಲವೆಂದರೆ ತೊಂದರೆ ಬಹುಶಃ ಸರ್ವರ್‌ನದೇ. ಡೇಟಾದಲ್ಲಿ ತೆರೆದು ವೈ-ಫೈನಲ್ಲಿ ತೆರೆಯದಿದ್ದರೆ ಆ ಕಟ್ಟಡದ ಜಾಲದ್ದು. ಕಿಟಕಿಯ ಈಚೆ ನಿಂತವರೂ ತಮ್ಮ ಫೋನಿನಲ್ಲಿ ಇದನ್ನು ನೋಡಬಹುದು. “ನನ್ನ ಮೊಬೈಲ್‌ನ್ಯಾಗ ಅದ ಸೈಟ್ ಬರಾಕತ್ತೈತ್ರಿ, ನಿಮ್ಮ ರೂಟರ್ ಒಮ್ಮೆ ನೋಡ್ರಿ” ಎಂದು ಗೌರವದಿಂದ ಕೇಳಿದರೆ ಒಂದು ದಿನದ ಕೂಲಿ, ಎರಡು ಬಸ್ ಚಾರ್ಜ್ ಉಳಿಯಬಹುದು. ಆದರೆ ಕೆಲವು ಸರ್ಕಾರಿ ಕಚೇರಿಗಳ ಸೈಟ್‌ಗಳು ಒಳಜಾಲದಲ್ಲಿ ಮಾತ್ರ ತೆರೆಯುತ್ತವೆ, ಅಲ್ಲಿ ಈ ಪರೀಕ್ಷೆ ನಡೆಯದು.

ಬ್ಯಾಡಗಿಯಲ್ಲಿ ಇದು ಸಣ್ಣ ಮಾತಲ್ಲ. ಸೋಮವಾರ, ಗುರುವಾರದ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಖರೀದಿದಾರರು ದರ ಹಾಕುವುದು ಇ-ಟೆಂಡರ್ ಮೂಲಕ. ದರ ಕುಸಿತದ ಸಿಟ್ಟಿಗೆ 2024ರ ಮಾರ್ಚ್ 11ರ ಸೋಮವಾರ ಎಪಿಎಂಸಿ ಕಚೇರಿಯ ಮೇಲೆ ದಾಳಿಯಾಗಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ಕಂಡ ಊರಿದು. ಅದಕ್ಕೂ ರೂಟರ್‌ಗೂ ಸಂಬಂಧವಿಲ್ಲ. ಆದರೆ ಚೀಲ ಇಳಿಸಿ ಕಾಯುತ್ತಿರುವ ರೈತನ ಮುಂದೆ ‘ಸರ್ವರ್ ಇಲ್ಲ’ ಎನ್ನುವ ಮೊದಲು, ಇಲ್ಲದಿರುವುದು ಸರ್ವರ್ರೋ ನಮ್ಮ ಅಂಗಡಿಯ ನೆಟ್ಟೋ ಎಂದು ತಿಳಿದಿರಬೇಕಾಗುತ್ತದೆ. ಟೆಂಡರ್ ದಿನ ಒಂದು ಫೋನಿನಲ್ಲಿ ಬೇರೆ ಕಂಪನಿಯ ಡೇಟಾ ಇಟ್ಟುಕೊಂಡರೆ, ರೂಟರ್ ಹೋದಾಗ ಅದರ ಹಾಟ್‌ಸ್ಪಾಟ್‌ನಲ್ಲಿ ಕೆಲಸ ನಡೆಯುತ್ತದೆ.

ದೂರು ಯಾರಿಗೆ, ಹೇಗೆ?

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಕರೆ ಮಾಡಬೇಡಿ. ವಂಚಕರು ಅಲ್ಲಿ ತಮ್ಮ ನಂಬರ್ ತೂರಿಸಿರುತ್ತಾರೆ. ‘ದೂರು ದಾಖಲಿಸಲು 10 ರೂಪಾಯಿ ಕಳಿಸಿ’, ‘ಈ ಆ್ಯಪ್ ಹಾಕಿಕೊಂಡು ಅದರಲ್ಲಿ ಬರುವ ನಂಬರ್ ಹೇಳಿ, ನಾವೇ ಐಪಿ ಸರಿ ಮಾಡುತ್ತೇವೆ’ ಎಂದರೆ ಫೋನ್ ಇಟ್ಟುಬಿಡಿ. ನಿಮ್ಮ ಫೋನಿನ ಪರದೆ ನೋಡಿ ತುಂಡಾದ ಕೇಬಲ್ ಜೋಡಿಸಲು ಯಾರಿಗೂ ಆಗುವುದಿಲ್ಲ. ಸರಿಯಾದ ನಂಬರ್ ನಿಮ್ಮ ಬಿಲ್ಲಿನಲ್ಲಿ, ಕಂಪನಿಯ ಆ್ಯಪ್‌ನಲ್ಲಿ ಇರುತ್ತದೆ. ಎಷ್ಟೋ ಸಲ ರೂಟರ್ ತಳಭಾಗದಲ್ಲೂ ಅಂಟಿಸಿರುತ್ತಾರೆ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಂಪನಿಗೆ ಕರೆ ಮಾಡಿದಾಗ ‘ನೆಟ್ ಇಲ್ಲ’ ಎನ್ನುವ ಬದಲು ಕಂಡದ್ದನ್ನು ಹೇಳಿ: “ಬೆಳಿಗ್ಗೆ ಹತ್ತರಿಂದ ಎಲ್‌ಓಎಸ್ ಕೆಂಪು ಐತಿ, ಪಕ್ಕದ ಮನಿಯಾಗೂ ಹಂಗ ಐತಿ” ಎಂದೋ, “ದೀಪ ಎಲ್ಲ ಹಸಿರು ಅದಾವು, ಫೋನಿಗೆ 192.168 ನಂಬರ್ ಬಂದೈತಿ, ಆದ್ರ ನೆಟ್ ಇಲ್ಲ” ಎಂದೋ. ಮೊದಲನೆಯದನ್ನು ಕೇಳಿದವರು ಕೇಬಲ್ ಜೋಡಿಸುವವರನ್ನು ಕಳಿಸುತ್ತಾರೆ. ಎರಡನೆಯದಕ್ಕೆ ಮೊದಲು ತಮ್ಮ ಕಚೇರಿಯ ಯಂತ್ರ ನೋಡಿಕೊಳ್ಳುತ್ತಾರೆ. ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.